ದಪ್ಪ ಕಾರ್ಡ್ ನುಂಗಿದ ಪ್ರಿಂಟರ್: ಎಳೆಯೋ ಮುಂಚೆ ಒಂದ್ನಿಮಿಷ ನಿಲ್ಲಿ

ಭಾನುವಾರ ರಾತ್ರಿ ಹತ್ತೂಕಾಲು. ಬೆಳಗ್ಗೆ ಆರೂಕಾಲರ ಬಸ್ಸಿಗೆ ಅಪ್ಪ ಊರಿಗೆ ಹೊರಡಬೇಕು. ಅವರ ಬ್ಯಾಗಿನಲ್ಲಿ ತಂಗಿಯ ನಿಶ್ಚಿತಾರ್ಥದ 40 ಆಹ್ವಾನ ಪತ್ರಿಕೆ ಇರಬೇಕು. ನಮ್ಮನೆ ಲೇಸರ್ ಪ್ರಿಂಟರ್ ಮಾತ್ರ ಎರಡನೇ ಹಾಳೆಯನ್ನು ಅರ್ಧ ನುಂಗಿಕೊಂಡು, ಕೆಂಪು ದೀಪ ಮಿಟುಕಿಸುತ್ತಾ ಕೂತಿತ್ತು.

"ಎಲ್ರಿಗೂ ವಾಟ್ಸಾಪ್ ಮಾಡಿದೀವಲ್ಲಪ್ಪಾ" ಅಂದೆ.

"ನಿಮ್ಮ ದೊಡ್ಡಪ್ಪನ್ನ ವಾಟ್ಸಾಪಲ್ಲಿ ಕರೆಯೋಕಾಗುತ್ತೇನೋ? ಮನೆಗೆ ಹೋಗಿ, ಕುಂಕುಮ ಕೊಟ್ಟು, ಕಾರ್ಡ್ ಕೈಗಿಟ್ರೇನೇ ಕರೆದ ಹಾಗೆ" ಅಂದ್ರು ಅಪ್ಪ.

ಇದೆಲ್ಲಾ ನನ್ನದೇ ಐಡಿಯಾ. ಪ್ರೆಸ್‌ನವರು ಕನಿಷ್ಠ 100 ಕಾರ್ಡ್ ಮಾಡಿಸಬೇಕು ಅಂದಿದ್ರು, ನಮಗೆ ಬೇಕಿದ್ದಿದ್ದು 40. "ಮನೇಲೇ ಪ್ರಿಂಟ್ ಮಾಡೋಣ ಬಿಡಿ" ಅಂತ ಅವೆನ್ಯೂ ರೋಡಿಗೆ ಹೋಗಿ 300 ಜಿಎಸ್‌ಎಂನ ಕೆನೆ ಬಣ್ಣದ ಐವರಿ ಕಾರ್ಡ್ 25 ಹಾಳೆ ತಂದೆ. ಒಂದು ಎ4 ಹಾಳೆಗೆ ಎರಡು ಕಾರ್ಡ್, 20 ಹಾಳೆ ಸಾಕು, ಐದು ಎಕ್ಸ್‌ಟ್ರಾ. ಅಂಗಡಿಯವರು "ಯಾವ ಪ್ರಿಂಟರ್ ಸಾರ್?" ಅಂತ ಕೇಳಿದ್ರು. "ಮನೇದೇ" ಅಂದೆ. ಅವರು ನಕ್ಕು ಸುಮ್ಮನಾದ್ರು. ಆ ನಗು ರಾತ್ರಿ ಅರ್ಥ ಆಯ್ತು.

ಮೊದಲು ನಾನು ಮಾಡಿದ ತಪ್ಪುಗಳು

ಮೊದಲ ಹಾಳೆ ಒಳಗೆ ಹೋಗಲೇ ಇಲ್ಲ, ಟಕಟಕ ಅಂತ ರೋಲರ್ ಸುಮ್ಮನೆ ಜಾರಿತು. ಕೈಯಿಂದ ಸ್ವಲ್ಪ ತಳ್ಳಿದೆ. ಮೂಲೆ ಮುದುರಿ ಹಾಳಾಯ್ತು. ಎರಡನೆಯದನ್ನೂ ಹಾಗೇ ತಳ್ಳಿದೆ. ಅದು ಒಳಗೆ ಹೋಗಿ ನಡುದಾರಿಯಲ್ಲಿ ನಿಂತಿತು. ಹೊರಗೆ ಕಾಣ್ತಿದ್ದ ಮೂಲೆ ಹಿಡಿದು ಜೋರಾಗಿ ಎಳೆದೆ. ಪರ್ರ್ ಅಂತ ಹರೀತು.

ಹರಿದಿದ್ದನ್ನೆಲ್ಲ ತೆಗೆದೆ, ಒಳಗೆ ಖಾಲಿ. ಆದ್ರೂ ‘ಪೇಪರ್ ಜಾಮ್’ ಅನ್ನೋ ಮೆಸೇಜ್ ಹೋಗ್ತಿಲ್ಲ. ಸಾಫ್ಟ್‌ವೇರ್ ಕೆಲಸದವನ ಬುದ್ಧಿ ನೋಡಿ: ರೀಸ್ಟಾರ್ಟ್ ಮಾಡಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ. ಮುಕ್ಕಾಲು ಗಂಟೆ ಹೋಯ್ತು. ಕೊನೆಗೆ ತಂಗಿ ಬಂದು, ಹರಿದ ತುಂಡುಗಳನ್ನೆಲ್ಲ ಡೈನಿಂಗ್ ಟೇಬಲ್ ಮೇಲೆ ಜೋಡಿಸಿದಳು. ಒಂದು ಕಡೆ ಉಗುರಿನಷ್ಟು ಜಾಗ ಖಾಲಿ ಇತ್ತು. "ಈ ಪೀಸ್ ಇನ್ನೂ ಒಳಗಿದೆ ಕಣೋ" ಅಂದಳು.

ಟಾರ್ಚ್ ಹಾಕಿ ಹುಡುಕಿದ್ರೆ, ಹಿಂದಿನ ಬಾಗಿಲ ಹತ್ತಿರ ಒಂದು ಪುಟಾಣಿ ಪ್ಲಾಸ್ಟಿಕ್ ಕಡ್ಡಿಗೆ ಅದು ಒತ್ತಿಕೊಂಡಿತ್ತು. ಆ ಕಡ್ಡಿಯೇ ಸೆನ್ಸರ್. ಹಾಳೆ ಬಂದಾಗ ಅದು ಬಾಗುತ್ತೆ, ಹೋದ ಮೇಲೆ ವಾಪಸ್ ಏಳುತ್ತೆ. ತುಂಡು ಅದನ್ನು ಒತ್ತಿ ಹಿಡಿದಿದ್ದರಿಂದ ಒಳಗೆ ಇನ್ನೂ ಹಾಳೆ ಇದೆ ಅಂತ ಪ್ರಿಂಟರ್ ಅಂದುಕೊಂಡಿತ್ತು. ಸುಳ್ಳೇನೂ ಹೇಳ್ತಿರಲಿಲ್ಲ!

ದಪ್ಪ ಕಾಗದ ಯಾಕೆ ಸಿಕ್ಕಿಹಾಕಿಕೊಳ್ಳುತ್ತೆ?

ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅನ್ನೋ ಲೆಕ್ಕ. ನಾವು ದಿನಾ ಬಳಸೋ ಜೆರಾಕ್ಸ್ ಪೇಪರ್ 70ರಿಂದ 80. ಮನೆ ಬಳಕೆಯ ಹಲವು ಲೇಸರ್ ಪ್ರಿಂಟರ್‌ಗಳ ಮಿತಿ 163 ಜಿಎಸ್‌ಎಂ. ಕೆಲವದರಲ್ಲಿ ಕೆಳಗಿನ ಟ್ರೇಗೆ ಇನ್ನೂ ಕಡಿಮೆ. ನಾನು ಹಾಕಿದ್ದು 300.

ಬರೀ ತೂಕದ ಪ್ರಶ್ನೆ ಅಲ್ಲ ಇದು. ಮುಂದಿನ ಟ್ರೇಯಿಂದ ಹೊರಟ ಹಾಳೆ ರೋಲರ್ ಸುತ್ತ ಯು-ಟರ್ನ್ ಹೊಡೆದು ಮೇಲೆ ಬರಬೇಕು. ತೆಳು ಹಾಳೆ ಸಲೀಸಾಗಿ ಬಾಗುತ್ತೆ. ಕಾಗದದ ದಪ್ಪ ಎರಡು ಪಟ್ಟಾದ್ರೆ, ಬಾಗಿಸೋಕೆ ಬೇಕಾದ ಬಲ ಹೆಚ್ಚುಕಮ್ಮಿ ಎಂಟು ಪಟ್ಟಾಗುತ್ತೆ. ನಾಲ್ಕು ಪಟ್ಟಾದ್ರೆ ಲೆಕ್ಕದಲ್ಲಿ 64 ಪಟ್ಟು! ಸಣ್ಣ ರಬ್ಬರ್ ರೋಲರ್‌ಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು?

ನಿಮ್ಮ ಹತ್ತಿರ ಇರೋ ಕಾಗದ ಎಷ್ಟು ಜಿಎಸ್‌ಎಂ ಅಂತ ಗೊತ್ತಿಲ್ವಾ? ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಎ4 ಅಳತೆಯ 16 ಹಾಳೆ ಸೇರಿದ್ರೆ ಒಂದು ಚದರ ಮೀಟರ್. ಹಾಗಾಗಿ 16 ಹಾಳೆ ಇಟ್ಟಾಗ ಎಷ್ಟು ಗ್ರಾಂ ತೋರಿಸುತ್ತೋ ಅದೇ ನಿಮ್ಮ ಜಿಎಸ್‌ಎಂ.

ಸಿಕ್ಕಿಹಾಕಿಕೊಂಡರೆ ಹೀಗೆ ತೆಗೆಯಿರಿ

1. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಲೇಸರ್ ಆದ್ರೆ ಅರ್ಧ ಗಂಟೆ ಆರೋಕೆ ಬಿಡಿ. ಒಳಗೆ ಟೋನರ್ ಕರಗಿಸಿ ಅಂಟಿಸೋ ಫ್ಯೂಸರ್ ಅನ್ನೋ ಭಾಗ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಇರುತ್ತೆ, ಕೈ ಸುಡುತ್ತೆ.

2. ಇಂಕ್‌ಜೆಟ್ ಆದ್ರೆ ಕಾರ್ಟ್ರಿಡ್ಜ್ ಕೂತಿರೋ ಭಾಗವನ್ನು ಬಲವಂತವಾಗಿ ಸರಿಸಬೇಡಿ. ಅದರ ಹಿಂದೆ ಉದ್ದಕ್ಕೂ ಒಂದು ಪಾರದರ್ಶಕ ಪಟ್ಟಿ ಇರುತ್ತೆ. ತಾನೆಲ್ಲಿದ್ದೀನಿ ಅಂತ ಪ್ರಿಂಟರ್ ಅದನ್ನೇ ನೋಡಿ ತಿಳಿಯೋದು. ಅದನ್ನು ಮುಟ್ಟಲೇಬೇಡಿ.

3. ಟ್ರೇ ಪೂರ್ತಿ ಹೊರಗೆ ತೆಗೆಯಿರಿ. ಹಿಂದಿನ ಬಾಗಿಲು ಇದ್ರೆ ತೆರೆಯಿರಿ. ಲೇಸರ್‌ನ ಕಾರ್ಟ್ರಿಡ್ಜ್ ತೆಗೆದ್ರೆ ಮೇಲೆ ಬಟ್ಟೆ ಮುಚ್ಚಿಡಿ. ಅದರ ಹೊಳೆಯೋ ಡ್ರಮ್‌ಗೆ ಬೆಳಕು, ಬೆರಳು ಎರಡೂ ಆಗಲ್ಲ.

4. ಹಾಳೆಯ ಎರಡೂ ಅಂಚನ್ನು ಎರಡು ಕೈಯಲ್ಲಿ ಹಿಡಿದು, ಅದು ಹೋಗ್ತಿದ್ದ ದಿಕ್ಕಿನಲ್ಲೇ, ನಿಧಾನವಾಗಿ, ನೇರವಾಗಿ ಎಳೆಯಿರಿ. ಒಂದು ಮೂಲೆ ಹಿಡಿದು ಎಳೆದ್ರೆ ನನ್ನ ಕಥೆನೇ ಆಗುತ್ತೆ. ಚಾಕು, ಚಿಮಟ ಬೇಡ. ರೋಲರ್‌ಗೆ ಗೀರು ಬಿದ್ರೆ ಮುಂದಿನ ಪ್ರತಿ ಪ್ರಿಂಟ್‌ನಲ್ಲೂ ಕಾಟ.

5. ಹರಿದ್ರೆ ತುಂಡು ಬಿಸಾಡಬೇಡಿ. ಟೇಬಲ್ ಮೇಲೆ ಜೋಡಿಸಿ, ಹಾಳೆ ಪೂರ್ತಿ ಆಯ್ತಾ ನೋಡಿ.

ಮತ್ತೆ ಸಿಕ್ಕಿಹಾಕಿಕೊಳ್ಳದ ಹಾಗೆ

ನಿಮ್ಮ ಪ್ರಿಂಟರ್ ಮಿತಿಯೊಳಗಿನ ಕಾರ್ಡ್ ಆದ್ರೆ ಮನೆಯಲ್ಲೇ ಚೆನ್ನಾಗಿ ಬರುತ್ತೆ. ಕೆಲವು ವಿಷಯ ನೆನಪಿಡಿ.

ನೇರ ದಾರಿ ಹುಡುಕಿ: ಹಿಂದಿನಿಂದ ಹಾಳೆ ಹಾಕೋ ಜಾಗ ಅಥವಾ ಒಂದೊಂದೇ ಹಾಳೆ ಕೊಡೋ ಮ್ಯಾನುಯಲ್ ಸ್ಲಾಟ್ ಇದ್ರೆ ಅದನ್ನೇ ಬಳಸಿ. ಕೆಲವು ಲೇಸರ್ ಪ್ರಿಂಟರ್‌ಗಳಲ್ಲಿ ಹಿಂದಿನ ಬಾಗಿಲು ತೆರೆದಿಟ್ರೆ ಹಾಳೆ ಬಾಗದೆ ನೇರ ಹಿಂದಕ್ಕೆ ಬರುತ್ತೆ.

ಸೆಟ್ಟಿಂಗ್ ಬದಲಿಸಿ: ಪೇಪರ್ ಟೈಪ್ ಅನ್ನೋ ಕಡೆ ‘ಥಿಕ್’ ಅಥವಾ ‘ಕಾರ್ಡ್‌ಸ್ಟಾಕ್’ ಆರಿಸಿ. ಆಗ ಲೇಸರ್ ನಿಧಾನವಾಗಿ, ಹೆಚ್ಚು ಬಿಸಿಯಲ್ಲಿ ಪ್ರಿಂಟ್ ಮಾಡುತ್ತೆ. ಇಲ್ಲದಿದ್ರೆ ಅಕ್ಷರ ಉಗುರಲ್ಲಿ ಕೆರೆದ್ರೇ ಉದುರುತ್ತೆ.

ಬಾಗೋ ದಿಕ್ಕು ನೋಡಿ: ಕಾಗದದ ನಾರು ಒಂದೇ ದಿಕ್ಕಿಗೆ ಇರುತ್ತೆ. ಉದ್ದಕ್ಕೆ, ಅಗಲಕ್ಕೆ ಎರಡೂ ಕಡೆ ಮೆಲ್ಲಗೆ ಬಗ್ಗಿಸಿ ನೋಡಿ, ಒಂದು ಕಡೆ ಸುಲಭವಾಗಿ ಬಾಗುತ್ತೆ. ರೋಲರ್ ಸುತ್ತ ಹಾಳೆ ಆ ಕಡೆಗೇ ಬಾಗೋ ಹಾಗೆ ಇದ್ರೆ ಒಳ್ಳೇದು. ದೊಡ್ಡ ಶೀಟ್ ಕಟ್ ಮಾಡಿಸೋವಾಗಲೇ ಅಂಗಡಿಯವರಿಗೆ ಹೇಳಿ.

ಮಳೆಗಾಲದ ತೇವ: ತೇವಕ್ಕೆ ಕಾರ್ಡ್ ಸೊಟ್ಟಗಾಗುತ್ತೆ. ಬೇಕಾದಾಗಲೇ ಕವರ್ ಒಡೆಯಿರಿ. ಟ್ರೇಗೆ ಇಡೋ ಮುಂಚೆ ಹಾಳೆಗಳನ್ನು ಬಿಡಿಸಿ, ಪಕ್ಕದ ಗೈಡ್‌ಗಳು ಹಾಳೆಗೆ ತಾಗಿದ್ರೆ ಸಾಕು, ಒತ್ತಬಾರದು. ರೋಲರ್ ಜಾರ್ತಿದ್ರೆ ನೀರಲ್ಲಿ ಅದ್ದಿ ಹಿಂಡಿದ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ.

ಇವನ್ನು ಹಾಕಲೇಬೇಡಿ: ಜರಿ, ಮಿಂಚು, ಉಬ್ಬಚ್ಚು ಇರೋ ರೆಡಿಮೇಡ್ ಕಾರ್ಡ್, ಲೇಸರ್ ಆದ್ರೆ ಇಂಕ್‌ಜೆಟ್ ಫೋಟೊ ಪೇಪರ್ ಕೂಡ ಬೇಡ, ಬಿಸಿಗೆ ಅದರ ಲೇಪ ಕರಗಿ ಒಳಗೆ ಅಂಟಬಹುದು. ಮಡಚೋದು, ಅರಿಶಿನ ಹಚ್ಚೋದು ಎಲ್ಲಾ ಪ್ರಿಂಟ್ ಆದ ಮೇಲೆ.

ಹಾಗಾದ್ರೆ ಆ 40 ಕಾರ್ಡ್?

ತುಂಡು ತೆಗೆದ ತಕ್ಷಣ ಹಸಿರು ದೀಪ ಬಂತು. ಮೂರನೇ ಐವರಿ ಹಾಳೆ ಹಾಕೋಕೆ ಕೈ ಹೋಗಿತ್ತು ಅಂತ ಒಪ್ಕೊಳ್ತೀನಿ. ಅಮ್ಮ ತಡೆದ್ರು. "ಅದಕ್ಕೆ ಆಗಲ್ಲ ಅಂತ ಎರಡು ಸಲ ಹೇಳಿದೆ. ಅದು ಕೈಕೊಟ್ರೆ ಈಗ ಯಾವ ಅಂಗಡಿ ತೆಗೆದಿರುತ್ತೆ?"

ಹಾಗಾಗಿ ದಾರಿ ಬದಲಿಸಿದ್ವಿ. ಮನೆಯಲ್ಲಿದ್ದ ಮಾಮೂಲಿ 75 ಜಿಎಸ್‌ಎಂ ಹಾಳೆಯಲ್ಲಿ ಆಹ್ವಾನವನ್ನು ಸ್ವಲ್ಪ ಚಿಕ್ಕದಾಗಿ ಪ್ರಿಂಟ್ ಮಾಡಿದೆ. 20 ಹಾಳೆಗೆ ಐದು ನಿಮಿಷವೂ ಬೇಕಾಗಲಿಲ್ಲ. ಉಳಿದಿದ್ದ 23 ಐವರಿ ಹಾಳೆಯಲ್ಲಿ 20ನ್ನು ಅಪ್ಪ ಸ್ಕೇಲ್ ಇಟ್ಟು ಅರ್ಧಕ್ಕೆ ಕತ್ತರಿಸಿದ್ರು. ತಂಗಿ ಗ್ಲೂ ಸ್ಟಿಕ್‌ನಿಂದ ಅಂಟಿಸಿದಳು. ನೀರಾದ ಗೋಂದು ಆದ್ರೆ ತೆಳು ಕಾಗದ ಸುಕ್ಕಾಗುತ್ತೆ. ಸುತ್ತ ಕೆನೆ ಬಣ್ಣದ ಅಂಚು ಬಿಟ್ಟು, ನಡುವೆ ಬಿಳಿ ಹಾಳೆ. ನಿಜ ಹೇಳ್ಬೇಕಂದ್ರೆ ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗೇ ಬಂತು. ಅಮ್ಮ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಮುಗಿಸೋ ಹೊತ್ತಿಗೆ ಒಂದು ಗಂಟೆ. ಮೊದಲನೇ ಕಾರ್ಡ್ ದೇವರ ಮುಂದೆ ಹೋಯ್ತು, ಉಳಿದವು ಅಪ್ಪನ ಬ್ಯಾಗಿಗೆ.

ಮಾರನೇ ದಿನ ಮಧ್ಯಾಹ್ನ ದೊಡ್ಡಪ್ಪನ ಫೋನ್. "ಕಾರ್ಡ್ ಲಕ್ಷಣವಾಗಿದೆ ಕಣೋ. ಎಲ್ಲಿ ಹಾಕಿಸಿದ್ರಿ?"

ಈಗ ನಮ್ಮ ಪ್ರಿಂಟರ್ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದೀನಿ: ‘163ಕ್ಕಿಂತ ದಪ್ಪ ಬೇಡ.’ ನಿಮ್ಮದರ ಸಂಖ್ಯೆ ಎಷ್ಟು ಅಂತ ಇವತ್ತೇ ಮ್ಯಾನುಯಲ್ ತೆಗೆದು ನೋಡಿ, ಬರೆದು ಅಂಟಿಸಿ. ಅದಕ್ಕಿಂತ ದಪ್ಪ ಬೇಕಿದ್ರೆ, ಪೆನ್‌ಡ್ರೈವ್ ತಗೊಂಡು ಡಿಜಿಟಲ್ ಪ್ರಿಂಟಿಂಗ್ ಅಂಗಡಿಗೆ ಹೋಗಿ. ಆದ್ರೆ ಭಾನುವಾರ ರಾತ್ರಿ ಹತ್ತು ಗಂಟೆವರೆಗೆ ಕಾಯಬೇಡಿ.