ಗೇಟು ಮುಚ್ಚುವ ಹೊತ್ತು: ವಿದ್ಯಾರ್ಥಿ ನಿಲಯದ ನಿಯಮಗಳು ಬೆಳೆದು ಬಂದ ದಾರಿ

ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಸೇರುವ ವಿದ್ಯಾರ್ಥಿಗಳೂ ಅವರ ಪೋಷಕರೂ ಪ್ರವೇಶದ ದಿನ ಸಹಿ ಹಾಕಿಕೊಡುವ ಮುಚ್ಚಳಿಕೆಯಲ್ಲಿ ಹತ್ತಾರು ಷರತ್ತುಗಳಿರುತ್ತವೆ. ರಾತ್ರಿ ಗೊತ್ತುಪಡಿಸಿದ ಹೊತ್ತಿಗೆ ಒಳಗಿರಬೇಕು, ಊರಿಗೆ ಹೋಗುವಾಗ ವಾರ್ಡನ್ನರ ಅನುಮತಿ ಪಡೆದು ರಿಜಿಸ್ಟರಿನಲ್ಲಿ ಬರೆಯಬೇಕು, ಕೋಣೆಯಲ್ಲಿ ಹೀಟರು ಬಳಸಬಾರದು, ಹೊರಗಿನವರನ್ನು ರಾತ್ರಿ ಉಳಿಸಿಕೊಳ್ಳಬಾರದು, ಮೆಸ್ ಬಿಲ್ಲನ್ನು ಗಡುವಿನೊಳಗೆ ಕಟ್ಟಬೇಕು, ರ‍್ಯಾಗಿಂಗ್ ಮಾಡಬಾರದು ಎಂಬಿವು ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಅಚ್ಚಾಗಿರುವುದರಿಂದ ಇವೆಲ್ಲ ಒಂದೇ ಜಾತಿಯ ನಿಯಮಗಳೆಂದು ತೋರುತ್ತದೆ. ಆದರೆ ಇವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಆತಂಕಗಳಿಂದ ಹುಟ್ಟಿದವು. ಕೆಲವು ಕೂಡಿ ಬಾಳುವ ಅಗತ್ಯದಿಂದ ಬಂದರೆ, ಕೆಲವು ದಾನಿಯ ನಿರೀಕ್ಷೆಯಿಂದಲೂ, ಇನ್ನು ಕೆಲವು ವಿದ್ಯಾರ್ಥಿಯನ್ನು ಅಪ್ರಾಪ್ತ ವಯಸ್ಕನೆಂದು ಬಗೆದ ಕಾಲದ ಕಾನೂನಿನಿಂದಲೂ ಬಂದಿವೆ. ಯಾವ ನಿಯಮ ಯಾವ ಮೂಲದ್ದೆಂದು ತಿಳಿಯದೆ ಅದನ್ನು ಉಳಿಸಬೇಕೋ ಬಿಡಬೇಕೋ ಎಂದು ನಿರ್ಧರಿಸುವುದು ನ್ಯಾಯವಾಗದು.

ಆಕ್ಸ್‌ಫರ್ಡಿನ ಬೀಗ

ಭಾರತದ ವಿಶ್ವವಿದ್ಯಾಲಯಗಳು ಇಂಗ್ಲೆಂಡಿನ ಮಾದರಿಯನ್ನು ಅನುಸರಿಸಿದ ಕಾರಣ ಈ ಕಥೆಯ ಒಂದು ಬೇರು ಆಕ್ಸ್‌ಫರ್ಡಿನಲ್ಲಿದೆ. ಅಲ್ಲಿ ಮೊದಮೊದಲು ವಿದ್ಯಾರ್ಥಿಗಳು ಪಟ್ಟಣದ ಮನೆಗಳಲ್ಲಿ ಬಾಡಿಗೆಗೆ ಇರುತ್ತಿದ್ದರು; ಊರವರಿಗೂ ಅವರಿಗೂ ಬಾಡಿಗೆ, ಬೆಲೆ, ಮದ್ಯದ ವಿಷಯವಾಗಿ ಜಗಳಗಳು ನಡೆಯುತ್ತಲೇ ಇದ್ದವು. 1355ರ ಫೆಬ್ರುವರಿ 10ರಂದು ಹೆಂಡದಂಗಡಿಯೊಂದರಲ್ಲಿ ಮದ್ಯದ ಗುಣಮಟ್ಟದ ಬಗ್ಗೆ ಎದ್ದ ಮಾತು ದೊಡ್ಡ ಗಲಭೆಯಾಗಿ ಬೆಳೆದು ಹತ್ತಾರು ಜನ ಪ್ರಾಣ ಕಳೆದುಕೊಂಡರು. ಹದಿನೈದನೆಯ ಶತಮಾನದ ಆರಂಭದಲ್ಲಿ ವಿಶ್ವವಿದ್ಯಾಲಯವು ಪ್ರತಿಯೊಬ್ಬ ವಿದ್ಯಾರ್ಥಿಯೂ ಮುಖ್ಯಸ್ಥನೊಬ್ಬನ ಮೇಲ್ವಿಚಾರಣೆಯಿರುವ ಮಾನ್ಯ ನಿವಾಸದಲ್ಲೇ ಇರಬೇಕೆಂದು ಕಟ್ಟಳೆ ಮಾಡಿತು.

ಅದಕ್ಕೂ ಮೊದಲೇ, 1264ರಲ್ಲಿ ಸ್ಥಾಪನೆಯಾದ ಮರ್ಟನ್ ಕಾಲೇಜು ವಸತಿಯನ್ನೂ ವ್ಯಾಸಂಗವನ್ನೂ ಒಂದೇ ಕಟ್ಟುಪಾಡಿಗೆ ಒಳಪಡಿಸಿತ್ತು. 1379ರಲ್ಲಿ ವಿಕಮ್‌ನ ವಿಲಿಯಂ ಸ್ಥಾಪಿಸಿದ ನ್ಯೂ ಕಾಲೇಜಿನ ನಿಯಮಾವಳಿಯಲ್ಲಿ ನಾಯಿ, ಬೇಟೆ ಹಕ್ಕಿಗಳನ್ನು ಸಾಕಬಾರದೆಂಬ ನಿಷೇಧದ ಜೊತೆಗೆ, ಒಂದೊಂದು ಕೋಣೆಯಲ್ಲೂ ಹಿರಿಯನೊಬ್ಬನಿದ್ದು ಕಿರಿಯರ ಓದನ್ನೂ ನಡತೆಯನ್ನೂ ಗಮನಿಸಬೇಕೆಂಬ ಏರ್ಪಾಟಿತ್ತು. ಕ್ರೈಸ್ಟ್ ಚರ್ಚ್ ಕಾಲೇಜಿನ ಗೋಪುರದ ದೊಡ್ಡ ಗಂಟೆ ರಾತ್ರಿ 9 ಗಂಟೆ 5 ನಿಮಿಷಕ್ಕೆ 101 ಸಲ ಬಾರಿಸುವ ಸಂಪ್ರದಾಯ ಇಂದಿಗೂ ಉಳಿದಿದೆ. ಬಾಗಿಲು ಮುಚ್ಚುವ ವೇಳೆಯಾಯಿತೆಂದು ಅಂದಿನ 101 ವಿದ್ಯಾರ್ಥಿಗಳಿಗೆ ತಿಳಿಸುವುದು ಅದರ ಹಿಂದಿನ ಉದ್ದೇಶವಾಗಿತ್ತು. ಹೀಗೆ ಗೇಟಿಗೆ ಬೀಗ ಹಾಕುವ ರೂಢಿ ಮೊದಲು ಬಂದದ್ದು ಗಂಡುಹುಡುಗರಿಗಾಗಿ, ಅವರಿಗೂ ಊರಿಗೂ ನಡುವೆ ಶಾಂತಿಯನ್ನು ಕಾಪಾಡಲೆಂದು. ಮುಂದೆ ಇದೇ ಬೀಗ ಹೆಣ್ಣುಮಕ್ಕಳ ರಕ್ಷಣೆಯ ಸಂಕೇತವಾಗಿ ಮಾರ್ಪಟ್ಟದ್ದನ್ನು ಗಮನಿಸುವಾಗ ಈ ಸಂಗತಿಯನ್ನು ಮರೆಯಬಾರದು.

ವಾರಾನ್ನದಿಂದ ಪ್ರಸಾದ ನಿಲಯಕ್ಕೆ

ಕನ್ನಡ ನಾಡಿನಲ್ಲಿ ವಿದ್ಯಾರ್ಥಿಯ ವಸತಿಯ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಯಿತು. ಇಲ್ಲಿ ಮುಖ್ಯವಾಗಿದ್ದದ್ದು ಊಟ. ಹಳ್ಳಿಯಿಂದ ಓದಲು ಬಂದ ಬಡ ಹುಡುಗ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದು ಮುಂದುವರಿಸುವ ವಾರಾನ್ನದ ಪದ್ಧತಿಯಲ್ಲಿ ಲಿಖಿತ ನಿಯಮಗಳಿರಲಿಲ್ಲ, ಆದರೆ ನಿರೀಕ್ಷೆಗಳು ಕಟ್ಟುನಿಟ್ಟಾಗಿದ್ದವು. ಅನ್ನವಿಟ್ಟ ಮನೆಯ ಮಡಿ-ಮೈಲಿಗೆಗೆ, ಹೊತ್ತು-ಗೊತ್ತಿಗೆ, ಮನೆಯ ಯಜಮಾನನ ಮರ್ಜಿಗೆ ಹೊಂದಿಕೊಂಡು ನಡೆಯುವುದು ಉಣ್ಣುವವನ ಕರ್ತವ್ಯವಾಗಿತ್ತು. ಇದಕ್ಕಿಂತ ದೊಡ್ಡ ತೊಡಕೆಂದರೆ, ವಾರಾನ್ನದ ಬಾಗಿಲು ಬಹುತೇಕ ಬ್ರಾಹ್ಮಣ ಹುಡುಗರಿಗಷ್ಟೇ ತೆರೆದಿತ್ತು. ಉಳಿದ ಸಮುದಾಯಗಳ ಮಕ್ಕಳಿಗೆ, ಅದರಲ್ಲೂ ಅಸ್ಪೃಶ್ಯರೆಂದು ದೂರವಿಡಲಾಗಿದ್ದವರ ಮಕ್ಕಳಿಗೆ, ಪಟ್ಟಣದಲ್ಲಿ ತಂಗಲು ತಾಣವಿಲ್ಲದಿರುವುದೇ ಓದಿಗೆ ಅಡ್ಡಿಯಾಗಿತ್ತು.

ಈ ಕೊರತೆಯನ್ನು ತುಂಬಲು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸಮುದಾಯಗಳ ವಿದ್ಯಾರ್ಥಿ ನಿಲಯಗಳು ಎದ್ದವು. ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮೊದಲ್ಗೊಂಡು ಮರಾಠ, ಜೈನ, ಮುಸ್ಲಿಂ, ಲಿಂಗಾಯತ ಮತ್ತು ಅಸ್ಪೃಶ್ಯ ಸಮುದಾಯಗಳ ವಿದ್ಯಾರ್ಥಿಗಳಿಗಾಗಿ ಬೋರ್ಡಿಂಗ್‌ಗಳನ್ನು ತೆರೆಯಿಸಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಅವರು ದಲಿತ ಮಕ್ಕಳ ಶಾಲೆಯ ಜೊತೆಗೆ ವಸತಿಗೂ ಏರ್ಪಾಡು ಮಾಡಿದರು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ, ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠ ಮುಂತಾದವು ಹಳ್ಳಿಯ ಮಕ್ಕಳಿಗೆ ಅನ್ನ, ಆಶ್ರಯ ಕೊಟ್ಟವು. ಡಾ. ಶಿವಕುಮಾರ ಸ್ವಾಮೀಜಿಯವರ (1907–2019) ಕಾಲದಲ್ಲಿ ಸಿದ್ಧಗಂಗೆ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ತವರಾಯಿತು.

ಮಠದ ಪ್ರಸಾದ ನಿಲಯಗಳಲ್ಲಿ ಬೆಳಗಿನ ಜಾವ ಏಳುವುದು, ಸಾಮೂಹಿಕ ಪ್ರಾರ್ಥನೆ, ಪಂಕ್ತಿಯಲ್ಲಿ ಕುಳಿತು ಊಟ, ತಟ್ಟೆ ತೊಳೆಯುವುದು, ಅಡುಗೆಮನೆಯಲ್ಲೂ ಆವರಣದಲ್ಲೂ ಕೈಲಾದ ಕೆಲಸ ಮಾಡುವುದು ದಿನಚರಿಯ ಭಾಗವಾಗಿದ್ದವು. ಇಲ್ಲಿ ಶಿಸ್ತು ಎನ್ನುವುದು ಉಂಡ ಅನ್ನದ ಋಣವನ್ನು ನೆನೆಯುವ ಬಗೆಯಾಗಿತ್ತು. ಇದು ಕಲಿಸಿದ ಸರಳತೆಯನ್ನೂ ಸಹಬಾಳ್ವೆಯನ್ನೂ ನಾಡಿನ ಎಷ್ಟೋ ತಲೆಮಾರುಗಳು ಕೃತಜ್ಞತೆಯಿಂದ ನೆನೆದಿವೆ. ಆದರೆ ಋಣದ ಸಂಬಂಧದಲ್ಲಿ ಪ್ರಶ್ನೆಗೆ ಅವಕಾಶ ಕಡಿಮೆ. ಉಚಿತವಾಗಿ ಉಣ್ಣುವವನು ಅಡುಗೆಯ ರುಚಿಯನ್ನಾಗಲಿ, ನಿಯಮದ ಔಚಿತ್ಯವನ್ನಾಗಲಿ ಪ್ರಶ್ನಿಸಬಾರದೆಂಬ ಭಾವನೆ ಆ ಕಾಲದಿಂದಲೇ ಹಾಸ್ಟೆಲಿನ ಸಂಸ್ಕೃತಿಯಲ್ಲಿ ಸೇರಿಹೋಯಿತು.

1904ರ ಕಾಯ್ದೆ ಮತ್ತು ಪೋಷಕರ ಅಧಿಕಾರ

ದಾನದ ಈ ಧಾರೆಯ ಜೊತೆಗೆ ಕಾನೂನಿನ ಧಾರೆಯೊಂದು ಬಂದು ಸೇರಿದ್ದು ಲಾರ್ಡ್ ಕರ್ಜನ್‌ನ ಕಾಲದಲ್ಲಿ. 1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ, ವಿಶ್ವವಿದ್ಯಾಲಯದ ಸಂಯೋಜನೆ, ಅಂದರೆ ಅದರ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ಸಿದ್ಧಪಡಿಸುವ ಮಾನ್ಯತೆಯನ್ನು ಬಯಸುವ ಕಾಲೇಜು, ತಂದೆತಾಯಿ ಅಥವಾ ಪೋಷಕರ ಜೊತೆಯಲ್ಲಿ ವಾಸಿಸದ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲೋ ಕಾಲೇಜು ಒಪ್ಪಿದ ವಸತಿಯಲ್ಲೋ ಇರಲು ಏರ್ಪಾಡು ಮಾಡಬೇಕಿತ್ತು. ಅವರ ಮೇಲ್ವಿಚಾರಣೆ ಮತ್ತು ಆರೋಗ್ಯದ ಹೊಣೆಯನ್ನೂ ಹೊರಬೇಕಿತ್ತು. ಮೈಸೂರು ಸಂಸ್ಥಾನದ ಮಹಾರಾಜ ಕಾಲೇಜು, ಸೆಂಟ್ರಲ್ ಕಾಲೇಜುಗಳು 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಮದ್ರಾಸ್ ವಿಶ್ವವಿದ್ಯಾಲಯಕ್ಕೂ, ಧಾರವಾಡದ ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೂ ಸೇರಿದ್ದರಿಂದ ಹಂಚಿಹೋಗಿದ್ದ ಕನ್ನಡ ನಾಡಿನ ಎರಡೂ ಭಾಗಗಳಿಗೆ ಈ ಕಟ್ಟಳೆಯ ಪ್ರಭಾವ ತಟ್ಟಿತು.

ಇಂಗ್ಲಿಷ್ ಕಾನೂನಿನಲ್ಲಿ ‘ಇನ್ ಲೊಕೊ ಪೇರೆಂಟಿಸ್’ ಎಂದು ಹೆಸರಾದ, ಸಂಸ್ಥೆಯು ತಂದೆತಾಯಿಗಳ ಸ್ಥಾನದಲ್ಲಿ ನಿಂತು ವಿದ್ಯಾರ್ಥಿಯನ್ನು ನಿಯಂತ್ರಿಸಬಹುದೆಂಬ ತತ್ವವೇ ಈ ಕಟ್ಟಳೆಯ ಹಿಂದೆಯೂ ಕೆಲಸ ಮಾಡಿತು. ವಾರ್ಡನ್ ಎಂಬ ಹುದ್ದೆ, ರಾತ್ರಿಯ ಹಾಜರಿ, ಊರಿಗೆ ಹೋಗಲು ಅನುಮತಿ, ಊರಿನಲ್ಲೇ ಇರುವ ಪರಿಚಿತರೊಬ್ಬರನ್ನು ಸ್ಥಳೀಯ ಪೋಷಕರೆಂದು ಹೆಸರಿಸುವ ಪದ್ಧತಿ ಇವೆಲ್ಲವೂ ಈ ತತ್ವಕ್ಕೆ ಹೊಂದುವ ಏರ್ಪಾಡುಗಳು. ಹದಿನಾರರ ಆಸುಪಾಸಿನಲ್ಲಿ ಕಾಲೇಜು ಸೇರಿ, ಪತ್ರ ಮುಟ್ಟಲು ದಿನಗಳೇ ಹಿಡಿಯುತ್ತಿದ್ದ ದೂರದಲ್ಲಿ ಮನೆಯಿದ್ದ ಹುಡುಗನ ವಿಷಯದಲ್ಲಿ ಇದಕ್ಕೆ ಸಕಾರಣವಿತ್ತು.

ಮೆಸ್ಸಿನ ಲೆಕ್ಕ

ಎಲ್ಲ ನಿಯಮಗಳೂ ಮೇಲಿನಿಂದ ಹೇರಿದವಲ್ಲ. ವಿಶ್ವವಿದ್ಯಾಲಯದ ಅನೇಕ ಹಾಸ್ಟೆಲುಗಳಲ್ಲಿ ಬಳಕೆಯಲ್ಲಿರುವ ‘ಡಿವೈಡಿಂಗ್ ಸಿಸ್ಟಂ’ ಇದಕ್ಕೆ ಒಳ್ಳೆಯ ನಿದರ್ಶನ. ತಿಂಗಳಿನಲ್ಲಿ ದಿನಸಿ, ತರಕಾರಿ, ಹಾಲು, ಗ್ಯಾಸುಗಳಿಗೆ ಆದ ಒಟ್ಟು ಖರ್ಚನ್ನು ಎಲ್ಲ ವಿದ್ಯಾರ್ಥಿಗಳ ಊಟದ ದಿನಗಳ ಮೊತ್ತದಿಂದ ಭಾಗಿಸಿದರೆ ದಿನವೊಂದರ ದರ ಸಿಗುತ್ತದೆ. ಅದನ್ನು ಒಬ್ಬೊಬ್ಬರು ಉಂಡ ದಿನಗಳಿಂದ ಗುಣಿಸಿದರೆ ಅವರವರ ಬಿಲ್ಲಾಗುತ್ತದೆ. ಊರಿಗೆ ಹೋಗುವವರು ಮುಂಚಿತವಾಗಿ ಬರೆದುಕೊಟ್ಟರೆ ಆ ದಿನಗಳ ಲೆಕ್ಕ ಬಿಡುತ್ತಾರೆ. ಹೇಳದೆ ಹೋದರೆ ಅವರಿಗೆಂದು ಬೇಯಿಸಿದ ಅನ್ನ ವ್ಯರ್ಥವಾಗುತ್ತದೆ, ಅದಕ್ಕಾದ ಖರ್ಚು ಎಲ್ಲರ ತಲೆಯ ಮೇಲೂ ಬೀಳುತ್ತದೆ. ಕೆಲವರು ಬಿಲ್ಲು ಬಾಕಿ ಉಳಿಸಿಕೊಂಡರೆ ದಿನಸಿ ಅಂಗಡಿಯ ಸಾಲ ಏರಿ ಮರುತಿಂಗಳ ಅಡುಗೆಗೇ ಕುತ್ತು ಬರುತ್ತದೆ.

ಹೀಗಾಗಿ ಊರಿಗೆ ಹೋಗುವುದನ್ನು ತಿಳಿಸುವ ಪುಸ್ತಕಕ್ಕೆ ಎರಡು ಮುಖಗಳಿವೆ. ಮೆಸ್ಸಿಗೆ ತಿಳಿಸುವುದು ಜೊತೆಯವರಿಗೆ ನ್ಯಾಯ ಒದಗಿಸುವ ಕ್ರಮವಾದರೆ, ವಾರ್ಡನ್ನರ ಅಪ್ಪಣೆ ಕೇಳುವುದು ಪೋಷಕರ ಅಧಿಕಾರವನ್ನು ಒಪ್ಪಿಕೊಳ್ಳುವ ಕ್ರಮ. ಒಂದೇ ರಿಜಿಸ್ಟರಿನಲ್ಲಿ ಇವೆರಡೂ ಬೆರೆತಾಗ, ಎರಡನೆಯದನ್ನು ಪ್ರಶ್ನಿಸುವ ವಿದ್ಯಾರ್ಥಿ ಮೊದಲನೆಯದನ್ನೂ ಮುರಿಯುತ್ತಿರುವಂತೆ ಕಾಣುತ್ತಾನೆ. ಹೀಟರಿನ ನಿಷೇಧ, ನಿಶ್ಶಬ್ದದ ಹೊತ್ತು, ನೀರಿನ ಬಳಕೆಯ ಮಿತಿ ಮುಂತಾದವೂ ಮೊದಲನೆಯ ಬಗೆಗೆ ಸೇರುತ್ತವೆ; ಅವುಗಳ ಕಾರಣ ಎಲ್ಲರಿಗೂ ಕಾಣುವಂಥದ್ದು, ಆದ್ದರಿಂದಲೇ ಅವು ವಿವಾದಕ್ಕೆ ಗುರಿಯಾದದ್ದು ಕಡಿಮೆ.

ಪ್ರಾಪ್ತ ವಯಸ್ಸು ಮತ್ತು ಹಕ್ಕು

ಪೋಷಕರ ಸ್ಥಾನದ ತತ್ವ ಅದು ಹುಟ್ಟಿ ಬೆಳೆದ ದೇಶಗಳಲ್ಲೇ ಇಪ್ಪತ್ತನೆಯ ಶತಮಾನದಲ್ಲಿ ಸಡಿಲವಾಯಿತು. 1913ರಲ್ಲಿ ಅಮೆರಿಕದ ಕೆಂಟಕಿಯ ನ್ಯಾಯಾಲಯ, ವಿದ್ಯಾರ್ಥಿಗಳು ಹೊರಗಿನ ಉಪಾಹಾರ ಗೃಹಗಳಿಗೆ ಹೋಗಬಾರದೆಂಬ ಬೆರಿಯಾ ಕಾಲೇಜಿನ ನಿಯಮವನ್ನು ಇದೇ ತತ್ವದ ಆಧಾರದ ಮೇಲೆ ಎತ್ತಿಹಿಡಿದಿತ್ತು. 1961ರಲ್ಲಿ ಅಲಬಾಮಾದ ಪ್ರಕರಣವೊಂದರಲ್ಲಿ, ವರ್ಣಭೇದವನ್ನು ವಿರೋಧಿಸಿದ್ದಕ್ಕಾಗಿ ಸರ್ಕಾರಿ ಕಾಲೇಜಿನಿಂದ ಹೊರಹಾಕಲ್ಪಟ್ಟ ಕಪ್ಪು ವಿದ್ಯಾರ್ಥಿಗಳಿಗೆ ನೋಟಿಸು ಮತ್ತು ವಿಚಾರಣೆಯ ಹಕ್ಕಿದೆಯೆಂದು ಮೇಲ್ಮನವಿ ನ್ಯಾಯಾಲಯ ಹೇಳಿದ ಮೇಲೆ ಆ ತತ್ವದ ಬುಡ ಅಲುಗಿತು. ಇಂಗ್ಲೆಂಡಿನಲ್ಲಿ ಪ್ರಾಪ್ತ ವಯಸ್ಸು 1970ರ ಆರಂಭದಿಂದ 21ರ ಬದಲು 18 ಆದಾಗ ಕಾಲೇಜುಗಳ ಪೋಷಕ ಅಧಿಕಾರಕ್ಕಿದ್ದ ಕಾನೂನಿನ ಆಸರೆ ಕಳಚಿತು. ಭಾರತದಲ್ಲಿ 1875ರ ಕಾಯ್ದೆಯೇ ಸಾಮಾನ್ಯವಾಗಿ 18ನ್ನು ಪ್ರಾಪ್ತ ವಯಸ್ಸೆಂದು ಗೊತ್ತುಪಡಿಸಿತ್ತು. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ಹಕ್ಕೂ ಆ ವಯಸ್ಸಿಗೆ ಬಂತು. ಆದರೂ ಹಾಸ್ಟೆಲಿನ ನಿಯಮಾವಳಿಗಳು ಈ ಬದಲಾವಣೆಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಸರ್ಕಾರವನ್ನು ಆರಿಸಬಲ್ಲ ಸ್ನಾತಕೋತ್ತರ ವಿದ್ಯಾರ್ಥಿನಿ ಅಣ್ಣನ ಮದುವೆಗೆ ಹೋಗಲು ಅಪ್ಪನ ಸಹಿ ತರಬೇಕಾದ ಸ್ಥಿತಿ ಮುಂದುವರಿಯಿತು.

ಇನ್ನೊಂದು ಬದಲಾವಣೆ ಕರ್ನಾಟಕದಲ್ಲೇ ಆಯಿತು. ಮುಖ್ಯಮಂತ್ರಿ ದೇವರಾಜ ಅರಸು ಅವರ ಆಡಳಿತದಲ್ಲಿ ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದ ವರದಿ ಬಂದು, 1977ರಲ್ಲಿ ಆ ವರ್ಗಗಳಿಗೆ ಪ್ರತ್ಯೇಕ ಇಲಾಖೆ ಸ್ಥಾಪನೆಯಾಗಿ, ಸರ್ಕಾರಿ ವಿದ್ಯಾರ್ಥಿ ನಿಲಯಗಳು ಜಿಲ್ಲೆ ತಾಲ್ಲೂಕುಗಳಿಗೆ ಹಬ್ಬಿದವು. ಅನ್ನವೂ ವಸತಿಯೂ ದಾನಿಯ ಕೃಪೆಯಾಗಿ ಉಳಿಯದೆ ಪ್ರಜೆಯ ಹಕ್ಕಾದವು. ಸರ್ಕಾರಿ ಹಾಸ್ಟೆಲಿನ ಮಕ್ಕಳು ಕಳಪೆ ಊಟವನ್ನು ವಿರೋಧಿಸಿ ತಟ್ಟೆ ಹಿಡಿದು ರಸ್ತೆಗಿಳಿಯುವುದನ್ನು ಅಶಿಸ್ತೆಂದು ಬಗೆಯುವವರು ಈ ಬದಲಾವಣೆಯನ್ನು ಇನ್ನೂ ಮನಸ್ಸಿಗೆ ತಂದುಕೊಂಡಿಲ್ಲ.

ರಕ್ಷಣೆಯ ಎರಡು ಬಗೆಗಳು

ವಿದ್ಯಾರ್ಥಿನಿಯರ ಹಾಸ್ಟೆಲುಗಳಲ್ಲಿ ಈ ಎಲ್ಲ ಪದರಗಳೂ ಒಟ್ಟಾಗಿ ಬಂದು ಕುಳಿತಿವೆ. ಒಂದೇ ಆವರಣದಲ್ಲಿ, ಒಂದೇ ತರಗತಿಯಲ್ಲಿ ಓದುವ ಗಂಡುಮಕ್ಕಳು ರಾತ್ರಿ ಗ್ರಂಥಾಲಯದಲ್ಲಿರುವಾಗ ಹೆಣ್ಣುಮಕ್ಕಳು ಸಂಜೆಯೇ ಗೇಟಿನೊಳಗೆ ಸೇರಬೇಕಾದಲ್ಲಿ ಅದು ಬರೀ ಶಿಸ್ತಿನ ಮಾತಾಗಿ ಉಳಿಯುವುದಿಲ್ಲ, ವಿದ್ಯಾಭ್ಯಾಸದ ಅವಕಾಶದ ಮಾತಾಗುತ್ತದೆ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜ್ರಾ ತೋಡ್’ (ಪಂಜರ ಮುರಿಯಿರಿ) ಎಂಬ ಹೆಸರಿನಲ್ಲಿ ಚಳವಳಿ ಹೂಡಿದ್ದು ಈ ತಾರತಮ್ಯದ ವಿರುದ್ಧ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಅದೇ ವರ್ಷ ಹೊರಡಿಸಿದ ಸುರಕ್ಷತಾ ಮಾರ್ಗಸೂಚಿಯಲ್ಲಿ ಮುಳ್ಳುತಂತಿಯ ಆವರಣ ಗೋಡೆ, ಬಯೋಮೆಟ್ರಿಕ್ ಹಾಜರಿಗಳನ್ನು ಸೂಚಿಸಿತ್ತು; 2016ರ ಮೇ ತಿಂಗಳಲ್ಲಿ ಪ್ರಕಟವಾದ ಲೈಂಗಿಕ ಕಿರುಕುಳ ತಡೆಯ ನಿಯಮಗಳಲ್ಲಿ ಅದೇ ಆಯೋಗ, ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಯರ ಹಾಸ್ಟೆಲುಗಳಿಗೆ ಗಂಡುಮಕ್ಕಳಿಗಿಲ್ಲದ ತಾರತಮ್ಯದ ನಿಯಮಗಳನ್ನು ಹೇರಬಾರದೆಂದು ಸ್ಪಷ್ಟಪಡಿಸಿತು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲೆ ಈ ಚರ್ಚೆಗೆ ಗಟ್ಟಿ ನೆಲೆ ದೊರೆಯಿತು. ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸಬಾರದೆಂಬ ನಿಯಮವನ್ನು ಒಪ್ಪದೆ ಹಾಸ್ಟೆಲ್ ಕಳೆದುಕೊಂಡಿದ್ದ ವಿದ್ಯಾರ್ಥಿನಿಯ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2019ರ ಸೆಪ್ಟೆಂಬರಿನಲ್ಲಿ ಆಕೆಯ ಪರ ತೀರ್ಪಿತ್ತು, ಅಂತರ್ಜಾಲದ ಬಳಕೆಯನ್ನು ಶಿಕ್ಷಣ ಮತ್ತು ಖಾಸಗಿತನದ ಹಕ್ಕುಗಳ ಭಾಗವೆಂದು ಕಂಡಿತು. ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ 9.30ರ ನಿರ್ಬಂಧವನ್ನು ಪ್ರಶ್ನಿಸಿದ ಮೇಲೆ, 2022ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಹೆಣ್ಣುಗಂಡೆಂಬ ಭೇದವಿಲ್ಲದ ಆದೇಶ ಹೊರಡಿಸಬೇಕಾಯಿತು.

ರ‍್ಯಾಗಿಂಗ್ ನಿಷೇಧದ ಇತಿಹಾಸ ಇದಕ್ಕಿಂತ ಭಿನ್ನವಾದುದು. ನ್ಯೂ ಕಾಲೇಜಿನಲ್ಲಿ ಹಿರಿಯನಿಗೆ ಕಿರಿಯರನ್ನು ಒಪ್ಪಿಸಿದ ವ್ಯವಸ್ಥೆಯಲ್ಲಿ ನಂಬಿಕೆ ಇತ್ತು. ಆಧುನಿಕ ಹಾಸ್ಟೆಲುಗಳಲ್ಲಿ ಆ ಹಿರಿತನವೇ ಹಿಂಸೆಯ ರೂಪ ತಾಳಿ ಎಳೆಯ ಜೀವಗಳು ಬಲಿಯಾದಾಗ ಕಾನೂನು ಕಿರಿಯರ ಬೆನ್ನಿಗೆ ನಿಲ್ಲಬೇಕಾಯಿತು. ಸುಪ್ರೀಂ ಕೋರ್ಟು 2001ರಲ್ಲಿ ನಿರ್ದೇಶನಗಳನ್ನು ಕೊಟ್ಟಿತು, ಆರ್.ಕೆ. ರಾಘವನ್ ಸಮಿತಿ 2007ರಲ್ಲಿ ವರದಿ ಸಲ್ಲಿಸಿತು, 2009ರಲ್ಲಿ ಯುಜಿಸಿ ನಿಯಮಗಳು ಜಾರಿಯಾದವು. ವಿದ್ಯಾರ್ಥಿ ಮತ್ತು ಪೋಷಕರಿಬ್ಬರ ಪ್ರಮಾಣಪತ್ರ, ಹೊಸಬರಿಗೆ ಪ್ರತ್ಯೇಕ ವಸತಿ, ಹಗಲಿರುಳೂ ಸಂಪರ್ಕಕ್ಕೆ ಸಿಗುವ ವಾರ್ಡನ್ ಎಂಬಿವು ಅಲ್ಲಿಂದ ಬಂದವು. ಇಲ್ಲಿ ಕಟ್ಟುಪಾಡು ಬೀಳುವುದು ನೋವುಂಟುಮಾಡುವವರ ಮೇಲೆ ಮತ್ತು ಸಂಸ್ಥೆಯ ಮೇಲೆ. ಬೇಗ ಮುಚ್ಚುವ ಗೇಟಿನ ನಿಯಮದಲ್ಲಾದರೋ ಅಪಾಯಕ್ಕೆ ಗುರಿಯಾಗಬಹುದಾದವರ ಮೇಲೆಯೇ ಕಟ್ಟುಪಾಡು ಬೀಳುತ್ತದೆ. ಎರಡನ್ನೂ ರಕ್ಷಣೆಯ ಹೆಸರಿನಲ್ಲಿ ಕರೆದರೂ ಇವುಗಳ ನಡುವಿನ ಅಂತರ ದೊಡ್ಡದು.

ಈ ಇತಿಹಾಸದಿಂದ ವಿಶ್ವವಿದ್ಯಾಲಯಗಳು ಪಡೆಯಬೇಕಾದ ಪಾಠ ನಿಯಮಗಳನ್ನೆಲ್ಲ ತೆಗೆದುಹಾಕಬೇಕೆಂಬುದಲ್ಲ. ನೂರಾರು ಜನ ಒಂದೇ ಸೂರಿನಡಿ ಬಾಳುವಲ್ಲಿ ಕಟ್ಟುಪಾಡು ಬೇಕೇ ಬೇಕು, ಹೊಸದಾಗಿ ಊರುಬಿಟ್ಟು ಬಂದವರಿಗೆ ಆಸರೆಯಾಗಿ ನಿಲ್ಲುವ ವಾರ್ಡನ್ನರ ಅಗತ್ಯ ಎಂದಿಗೂ ಇರುತ್ತದೆ. ಆದರೆ ಪ್ರತಿಯೊಂದು ನಿಯಮದ ಪಕ್ಕದಲ್ಲೂ ಅದರ ಕಾರಣವನ್ನು ಅಚ್ಚು ಮಾಡಿಸುವುದು, ಆ ಕಾರಣ ಇಂದಿಗೂ ಉಳಿದಿದೆಯೇ ಎಂದು ವರ್ಷಕ್ಕೊಮ್ಮೆ ಹಾಸ್ಟೆಲಿನ ನಿವಾಸಿಗಳನ್ನು ಕೂರಿಸಿಕೊಂಡು ಪರಿಶೀಲಿಸುವುದು, ಗಂಡುಹೆಣ್ಣುಗಳಿಗೆ ಒಂದೇ ಅಳತೆಯನ್ನು ಅನ್ವಯಿಸುವುದು ಯಾವ ಸಂಸ್ಥೆಗೂ ಹೊರೆಯಾಗುವ ಕೆಲಸಗಳಲ್ಲ. ಕಾರಣ ಹೇಳಲಾಗದ ನಿಯಮವನ್ನು ಕೈಬಿಡುವ ಧೈರ್ಯವನ್ನು ಸಂಸ್ಥೆ ತೋರಿಸಿದರೆ, ಕಾರಣವಿರುವ ನಿಯಮವನ್ನು ಪಾಲಿಸುವ ಹೊಣೆಯನ್ನು ವಿದ್ಯಾರ್ಥಿಗಳು ತಾವಾಗಿ ಹೊರುತ್ತಾರೆ.