ತೇಲುವುದು ಮೊದಲು, ಈಜು ಆಮೇಲೆ

ಐದು ಹೊಳೆ ಕೂಡುವ ಗಂಗೊಳ್ಳಿ ಅಳಿವೆ, ಹೆದ್ದಾರಿಯ ಒಂದು ಬದಿಗೆ ಕಡಲು ಇನ್ನೊಂದು ಬದಿಗೆ ಸೌಪರ್ಣಿಕೆ ಇರುವ ಮರವಂತೆ, ಬೈಂದೂರಿನ ಒತ್ತಿನೆಣೆ, ಬ್ರಹ್ಮಾವರದ ಸೀತಾ, ಸ್ವರ್ಣಾ. ಇವೆಲ್ಲ ಪ್ರವಾಸಿಗರು ಫೋಟೊ ತೆಗೆಯುವ ನೀರು. ಒಂದೂವರೆ ವರ್ಷದ ಕೂಸಿನ ನೀರು ಬೇರೆಯೇ: ಬಚ್ಚಲಿನ ಬಕೆಟ್, ಅಂಗಳದಾಚೆಯ ತೋಡು, ತೋಟದ ಮದಗ, ತಗ್ಗು ಕಟ್ಟೆಯ ಬಾವಿ, ಮಳೆಗಾಲದಲ್ಲಿ ತುಂಬಿ ನಿಂತ ಕೆಂಪುಕಲ್ಲಿನ ಕೋರೆ. ನಡೆಯಲು ಕಲಿತ ಮಗುವಿಗೆ ತಲೆಯೇ ಭಾರ. ಮುಗ್ಗರಿಸಿ ಬಕೆಟ್ಟಿಗೆ ಬಿದ್ದರೆ ಗೇಣುದ್ದ ನೀರಿನಿಂದಲೂ ಏಳಲಾರದು. ಕೂಗುವುದೂ ಇಲ್ಲ.

ನಮ್ಮಲ್ಲಿ ಈಜು ಕಲಿಸುವ ಹಳೆಯ ಕ್ರಮ ಎಲ್ಲರಿಗೂ ಗೊತ್ತು. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಯನ್ನು ಹಗ್ಗದಲ್ಲಿ ಜೋಡಿಸಿ, ಅದರ ಮೇಲೆ ಹೊಟ್ಟೆಯೂರಿಸಿ ಕೆರೆಗೆ ಬಿಡುವುದು. ಗುರು ಯಾರೋ ಅಣ್ಣನೋ ಮಾವನೋ. ಅದು ಶಾಲೆಗೆ ಹೋಗುವ ವಯಸ್ಸಿನ ಪಾಠ. ಅಪಾಯ ಮಾತ್ರ ಅದಕ್ಕೂ ಮೊದಲೇ ಬಂದು ಕೂತಿರುತ್ತದೆ.

ಆ ನಡುವಿನ ವಯಸ್ಸಿಗೆಂದೇ ಹುಟ್ಟಿದ್ದು ಪುಟಾಣಿಗಳ ನೀರಿನ ಪಾಠ. ಕೊಳದ ನೀರು ಉಗುರು ಬೆಚ್ಚಗೆ, ಸುಮಾರು 32 ಡಿಗ್ರಿ. ಹೊತ್ತು ಅರ್ಧ ಗಂಟೆಗಿಂತ ಹೆಚ್ಚಲ್ಲ. ಅಮ್ಮನೋ ಅಪ್ಪನೋ ನೀರಿನಲ್ಲೇ ಜೊತೆಗೆ. ಮೊದಲು ಒಂದು ಮಾತು ಹೇಳಿ ಮುಖದ ಮೇಲೆ ನೀರು ಹೊಯ್ಯುತ್ತಾರೆ. ಮಾತು ಕೇಳಿದೊಡನೆ ಉಸಿರು ಹಿಡಿಯುವುದು ಮಗುವಿಗೆ ಅಭ್ಯಾಸವಾಗುತ್ತದೆ. ಕಾಲು ನೀಡಿ ಕೂತು ಕೂಸನ್ನು ಮೀಯಿಸುವ ನಮ್ಮ ಅಜ್ಜಿಯಂದಿರಿಗೆ ಇದೇನೂ ಹೊಸತೆನಿಸದು. ಆಮೇಲೆ ಗುಳ್ಳೆ ಊದುವುದು. ಬಳಿಕ ಬಹಳ ದಿನ ಒಂದೇ ಕೆಲಸ: ಕಿವಿ ಮುಳುಗುವಂತೆ ಅಂಗಾತ ತೇಲುವುದು. ಮಕ್ಕಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಬೆನ್ನು ಬಿಲ್ಲಾಗಿಸಿ ಅಳುತ್ತವೆ. ಕಲಿಸುವವರ ತಾಳ್ಮೆ ತಿಳಿಯುವುದೇ ಇಲ್ಲಿ. ಕೊನೆಗೆ ಬಿದ್ದ ಕಡೆಯಿಂದ ತಿರುಗಿ ಅಂಚು ಹಿಡಿದು, ಮೊಣಕೈ, ಹೊಟ್ಟೆ, ಮೊಣಕಾಲು ಎಂದು ಹತ್ತಿ ಬರುವುದು. ಕೈಕಾಲು ಬಡಿದು ಈಜುವುದು ಇದೆಲ್ಲ ಆದ ಮೇಲಿನ ಮಾತು.

ಇದರಿಂದ ಪ್ರಯೋಜನವುಂಟೆ? ನಾಲ್ಕು ವರ್ಷಕ್ಕೆ ಮೊದಲು ಪಾಠ ಬೇಡ ಎನ್ನುತ್ತಿದ್ದ ಅಮೆರಿಕದ ಮಕ್ಕಳ ವೈದ್ಯರ ಸಂಘ, 1ರಿಂದ 4 ವರ್ಷದವರಿಗೆ ಅದು ರಕ್ಷಣೆ ನೀಡಬಹುದೆಂಬ 2009ರ ಅಧ್ಯಯನ ಬಂದ ಮೇಲೆ, 2010ರಲ್ಲಿ ನಿಲುವು ಸಡಿಲಿಸಿತು. ಆದರೆ ವರ್ಷ ತುಂಬದ ಕೂಸು ಇಂಥ ತರಗತಿಯಿಂದ ಮುಳುಗುವ ಅಪಾಯ ತಪ್ಪಿಸಿಕೊಳ್ಳುತ್ತದೆ ಎನ್ನಲು ಪುರಾವೆಯಿಲ್ಲ ಎಂದೂ ಅದು ಹೇಳಿದೆ. ಹಸುಗೂಸನ್ನು ನೀರಿಗೆ ಎಸೆದು ತೋರಿಸುವ ವಿಡಿಯೊಗಳನ್ನು ಕಂಡು ಮರುಳಾಗುವವರು ಇದನ್ನು ನೆನಪಿಟ್ಟರೆ ಒಳ್ಳೆಯದು. ಮಗು ನೀರು ಕುಡಿದು ಕುಡಿದು ರಕ್ತದ ಸೋಡಿಯಂ ಕುಸಿಯುವ ಅಪಾಯವೂ ಇದೆ.

ಬಿಸಿನೀರಿನ ಕೊಳ ನಮ್ಮ ಊರೂರಿಗೆ ಬರುವಂಥದ್ದಲ್ಲ. ಹಾಗಾಗಿ ನನಗೆ ಅಮೆರಿಕಕ್ಕಿಂತ ಬಾಂಗ್ಲಾದೇಶದ ದಾರಿ ಹತ್ತಿರದ್ದಾಗಿ ಕಾಣುತ್ತದೆ. ಅಲ್ಲಿ ಹಳ್ಳಿಯ ಕೆರೆಯೊಳಗೇ ಬಿದಿರಿನ ಅಟ್ಟಣೆ ಕಟ್ಟಿ ನಾಲ್ಕು ದಾಟಿದ ಮಕ್ಕಳಿಗೆ ಈಜು ಕಲಿಸುತ್ತಾರೆ. ಅದಕ್ಕಿಂತ ಚಿಕ್ಕವರಿಗೆ 'ಆಂಚಲ್' ಎಂಬ ಶಿಶುಪಾಲನಾ ಕೇಂದ್ರ. ತಾಯಂದಿರು ಕೆಲಸದಲ್ಲಿ ಮುಳುಗಿರುವ ಬೆಳಗಿನ ಹೊತ್ತು ಮಕ್ಕಳು ಅಲ್ಲಿ. ಕೇಂದ್ರಕ್ಕೆ ಹೋದ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ 80ಕ್ಕೂ ಹೆಚ್ಚು ಕಡಿಮೆಯಾಗಿತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ಕರ್ನಾಟಕ 2023ರಲ್ಲಿ ಘೋಷಿಸಿದ 'ಕೂಸಿನ ಮನೆ'ಯನ್ನು ಪೌಷ್ಟಿಕಾಂಶದ ಲೆಕ್ಕದಲ್ಲಷ್ಟೇ ನೋಡುತ್ತೇವೆ. ಹೊಳೆಬದಿಯ ಪಂಚಾಯಿತಿಗಳಲ್ಲಿ ಅದು ಮಕ್ಕಳನ್ನು ನೀರಿನಿಂದ ಕಾಯುವ ಮನೆಯೂ ಹೌದು.

ಮನೆಯವರು ಕಲಿಯಬೇಕಾದ್ದು ಇನ್ನೊಂದಿದೆ. ಮುಳುಗಿದ ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿಸುವುದು, ಗರಗರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇಂದಿಗೂ ನಡೆಯುತ್ತಿದೆ. ಅದರಲ್ಲಿ ಹೋಗುವ ಹೊತ್ತೇ ಮಗುವಿನ ಜೀವದ ಹೊತ್ತು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ ಮೊದಲು ಬಾಯಿಂದ ಐದು ಸಲ ಉಸಿರು ಕೊಡಬೇಕು, ಆಮೇಲೆ ಎದೆ ಒತ್ತಬೇಕು, 108ಕ್ಕೆ ಬೇರೊಬ್ಬರು ಕರೆ ಮಾಡಬೇಕು.