ಹದಿನಾರು ದಾರಿ, ಒಂದೇ ಸಾಲು

ಸಿಂಗಪುರದಲ್ಲಿ 1995ರಿಂದ ಆರಂಕಿಯ ಅಂಚೆ ಸಂಖ್ಯೆ ಬಳಕೆಯಲ್ಲಿದೆ. ಮೊದಲ ಎರಡು ಅಂಕಿ ವಲಯದ್ದು. ಬುಕಿತ್ ಪಂಜಾಂಗ್‌ನ ವಸತಿ ಬ್ಲಾಕುಗಳಿಗೆ 67, ಪಕ್ಕದ ಚೋವಾ ಚು ಕಾಂಗ್‌ಗೆ 68. ಫಜಾರ್ ರಸ್ತೆಯ ಕಾಗದವಾಗಲಿ ಪೆತಿರ್ ರಸ್ತೆಯದಾಗಲಿ, ದೂರದಲ್ಲಿ ವಿಂಗಡಿಸುವವರು 67 ನೋಡಿದರೆ ಸಾಕು. ಬ್ಲಾಕು ಹುಡುಕುವ ಕೆಲಸ ಆ ವಲಯದೊಳಗಿನದು. ರೂಟರುಗಳ ಜಾಲವನ್ನು ಏರಿಯಾಗಳಾಗಿ ಒಡೆಯುವುದರ ಹಿಂದೆಯೂ ಇದೇ ವಿಚಾರವಿದೆ.

ದೊಡ್ಡ ಸಂಸ್ಥೆಗಳ ಒಳಜಾಲದಲ್ಲಿ ರೂಟರುಗಳು ಒಂದಕ್ಕೊಂದು ದಾರಿ ತಿಳಿಸಿಕೊಳ್ಳಲು ಓಎಸ್‌ಪಿಎಫ್ ಎಂಬ ಪ್ರೋಟೋಕಾಲ್ ಬಹಳವಾಗಿ ಬಳಕೆಯಲ್ಲಿದೆ. ಜಾನ್ ಮೊಯ್ ಬರೆದ ಇದರ ಮೊದಲ ನಿರೂಪಣೆ 1989ರಲ್ಲಿ ಬಂತು. ಇಂದಿನ ಎರಡನೇ ಆವೃತ್ತಿಯ ನಿರೂಪಣೆ 1998ರದು. ಪ್ರತಿ ರೂಟರ್ ತನ್ನ ಕೊಂಡಿಗಳ ಸ್ಥಿತಿಯನ್ನು ಎಲ್ಲರಿಗೂ ಸಾರುತ್ತದೆ. ಎಲ್ಲರ ಬಳಿಯೂ ಒಂದೇ ನಕ್ಷೆ ಇರುತ್ತದೆ, ಅದರ ಮೇಲೆ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ, ಅತಿ ಹತ್ತಿರದ ದಾರಿ ಹುಡುಕುವ ಲೆಕ್ಕ ನಡೆಯುತ್ತದೆ. ಜಾಲ ಬೆಳೆದಂತೆ ಇದೇ ಭಾರ: ಎಲ್ಲೋ ಒಂದು ಕೇಬಲ್ ಕೈಕೊಟ್ಟರೂ ಎಲ್ಲ ರೂಟರುಗಳೂ ಮತ್ತೆ ಲೆಕ್ಕ ಹಾಕಬೇಕು. ಏರಿಯಾ ಮಾಡಿದರೆ ಪೂರ್ತಿ ನಕ್ಷೆ ಆ ಏರಿಯಾದೊಳಗೇ ಉಳಿಯುತ್ತದೆ. ನಡುವಿನ ಏರಿಯಾ 0 ಬೆನ್ನೆಲುಬು. ಉಳಿದವೆಲ್ಲ ಅದಕ್ಕೆ ಅಂಟಿಕೊಂಡಿರಬೇಕು. ಏರಿಯಾ ದಾಟಿದ ಸುದ್ದಿ ನಕ್ಷೆಯಲ್ಲ, ಬರೀ ದೂರದ ಲೆಕ್ಕ. ಅದು ಸುತ್ತಿ ಸುತ್ತಿ ಹೊರಟಲ್ಲಿಗೇ ಬರಬಾರದೆಂದು ಈ ಕಟ್ಟುಪಾಡು.

ಹೊಸಬರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಏರಿಯಾ ಮಾಡಿದ ಮಾತ್ರಕ್ಕೆ ದಾರಿಗಳು ಒಟ್ಟುಗೂಡುವುದಿಲ್ಲ. ಏರಿಯಾವನ್ನು ಬೆನ್ನೆಲುಬಿಗೆ ಜೋಡಿಸುವ ಗಡಿ ರೂಟರಿಗೆ ಒಟ್ಟುಗೂಡಿಸೆಂದು ನಾವೇ ಹೇಳಬೇಕು, ಇಲ್ಲದಿದ್ದರೆ ಅದು ಒಳಗಿನ ಒಂದೊಂದು ದಾರಿಯನ್ನೂ ಬಿಡಿಬಿಡಿಯಾಗಿ ಹೊರಗೆ ಸಾರುತ್ತದೆ.

ಬುಕಿತ್ ಪಂಜಾಂಗ್‌ನ ಕಚೇರಿಗಳಿಗೆ ಏರಿಯಾ 67 ಎಂದು ಹೆಸರಿಟ್ಟು, 10.67.16.0ಯಿಂದ 10.67.31.0ವರೆಗೆ ಹದಿನಾರು /24 ಜಾಲಗಳನ್ನು (ಮೊದಲ 24 ಬಿಟ್ ಜಾಲದ ಗುರುತು) ಕೊಟ್ಟಿದ್ದೇವೆ ಎನ್ನೋಣ. ವಿಳಾಸದ ಮೂರನೇ ಭಾಗವನ್ನು ದ್ವಿಮಾನ ಅಂಕಿಯಲ್ಲಿ ಬರೆದು ನೋಡಿ: 16 ಎಂದರೆ 00010000, 31 ಎಂದರೆ 00011111. ಮೊದಲ ನಾಲ್ಕು ಬಿಟ್ ಎಲ್ಲದರಲ್ಲೂ ಒಂದೇ. ಮೊದಲೆರಡು ಭಾಗಗಳ 16 ಬಿಟ್‌ಗೆ ಈ 4 ಸೇರಿ /20 ಆಯಿತು. ಸಿಸ್ಕೋ ರೂಟರಿನಲ್ಲಿ ‘ಏರಿಯಾ 67 ರೇಂಜ್ 10.67.16.0 255.255.240.0’ ಎಂಬ ಒಂದು ಸಾಲು ಸಾಕು. ಅದೇ ಹದಿನಾರು ಜಾಲಗಳನ್ನು 20ರಿಂದ 35ರವರೆಗೆ ಹಂಚಿದ್ದರೆ? 20ರಿಂದ 23, 24ರಿಂದ 31, 32ರಿಂದ 35 ಎಂದು ಮೂರು ಸಾಲು ಬೇಕಾಗುತ್ತಿತ್ತು. ಕಮಾಂಡ್ ಕಲಿಯಲು ಐದು ನಿಮಿಷ. ಆದರೆ ವಿಳಾಸ ಹಂಚುವ ದಿನ ಜಾಣ್ಮೆ ತೋರದಿದ್ದರೆ ಆ ಕಮಾಂಡಿನಿಂದ ಹೆಚ್ಚು ಪ್ರಯೋಜನವಿಲ್ಲ.

ಈ ರೇಂಜ್ ಸಾಲು ಕೊಟ್ಟಾಗ ಗಡಿ ರೂಟರ್ ಅದೇ /20ಕ್ಕೆ ‘ನಲ್ 0’ ಎಂಬ ದಾರಿಯನ್ನೂ ತಾನಾಗಿ ಸೇರಿಸಿಕೊಳ್ಳುತ್ತದೆ. ಅಂದರೆ ಬಂದದ್ದನ್ನು ಎಸೆದುಬಿಡು. ನಿಜವಾಗಿ ಇರುವ /24 ದಾರಿಗಳು ಹೆಚ್ಚು ನಿಖರವಾದ್ದರಿಂದ ಅವೇ ಗೆಲ್ಲುತ್ತವೆ. ಆದರೆ 10.67.29.0 ಸದ್ಯ ಕೆಟ್ಟು ನಿಂತಿದ್ದರೆ? ನಲ್ 0 ಇಲ್ಲದಿದ್ದರೆ ಆ ಪ್ಯಾಕೆಟ್ ಡಿಫಾಲ್ಟ್ ದಾರಿ ಹಿಡಿದು ಬೆನ್ನೆಲುಬಿಗೆ ಮರಳಿ, ಅಲ್ಲಿಂದ ಮತ್ತೆ ಇಲ್ಲಿಗೆ ಬಂದು, ಆಯುಸ್ಸು ಮುಗಿಯುವವರೆಗೆ ಸುತ್ತುತ್ತಲೇ ಇರಬಹುದು.

ಗಡಿ ರೂಟರುಗಳು ಎರಡಿದ್ದರೆ ಇದೇ ನಲ್ 0 ಬಗ್ಗೆ ಎಚ್ಚರವೂ ಬೇಕು. ಏರಿಯಾ ಒಳಗೆ ತುಂಡಾಗಿ ಅರ್ಧ ಜಾಲ ಒಂದರ ಕಡೆ, ಇನ್ನರ್ಧ ಮತ್ತೊಂದರ ಕಡೆ ಉಳಿದರೂ ಎರಡೂ ಇಡೀ /20 ತಮ್ಮದೆಂದು ಸಾರುತ್ತವೆ. ತಪ್ಪು ಕಡೆ ಬಂದ ಪ್ಯಾಕೆಟ್ ಸದ್ದಿಲ್ಲದೆ ಎಸೆಯಲ್ಪಡುತ್ತದೆ. ಆದ್ದರಿಂದ ಆ ಎರಡು ಗಡಿ ರೂಟರುಗಳ ನಡುವೆ ಏರಿಯಾ 67ಕ್ಕೇ ಸೇರಿದ ಒಂದು ನೇರ ಕೊಂಡಿ ಹಾಕಿಡಬೇಕು. ಏರಿಯಾ 0ರ ಕೊಂಡಿ ಒಂದೇ ಸಾಲದು.